ಹದಿನಾಲ್ಕನೆಯ ತಿಂಗಳು

ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಟ ದಾಕ್ಷಾಯಣಮ್ಮನನ್ನು ತಿಮ್ಮಮ್ಮ ಕೈ ಹಿಡಿದು ನಿಲ್ಲಿಸಿದಳು.

“ಮತ್ತೆ ಶುರು ಮಾಡ್ಬುಟ್ರಾ ನಿಮ್ ಯಜಮಾನ್ರು?”

ದಾಕ್ಷಾಯಣಮ್ಮ ತಲೆ ತಗ್ಗಿಸಿದಳು.

“ಬುಟ್ಟು ವರ್ಷದ ಮೇಲಾಗಿತ್ತಲ್ಲವ್ವಾ! ಕಳ್ಳಬಟ್ಟಿ ಮಾರೋ ನಂಗೇ ಸಂತೋಷ ಆಗಿತ್ತು. ಈಗ ನಿನ್ನೇ ಕಳಿಸ್ತಾರಾ? ಎಂಥಾ ಗಂಡ್ಸು ಕಣಮ್ಮ ಅವ್ರು!”

“ಅವರನ್ನ ಬಯ್ಬೇಡಿ. ಅವರದೇನೂ ತಪ್ಪಿಲ್ಲ.”

ತಿಮ್ಮಮ್ಮನ ಕಣ್ಣು ಒದ್ದೆಯಾಯಿತು. ಇಂಥ ಹೆಂಡತಿಯನ್ನು ಪಡೆಯಲು ಆ ಕುಡುಕ ಯಾವ ಜನ್ಮದಲ್ಲಿ ಪುಣ್ಯ ಮಾಡಿದ್ದನೋ ಎಂದುಕೊಂಡಳು. ದೇವರಾಜ ಮೊಹಲ್ಲಾದ ಆ ಬೀದಿಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ದಾಕ್ಷಾಯಣಮ್ಮನ ಗಂಡ ಶಿವಮಲ್ಲಪ್ಪ ಅಲ್ಲೇ ಹತ್ತಿರದ ಮುದ್ರಣಾಲಯವೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮದುವೆಗೆ ಮೊದಲೇ ಕುಡಿತವಿತ್ತು. ನಲವತ್ತೊಂಬತ್ತನೆಯ ಇಸವಿಯಲ್ಲಿ, ಮೂರು ವರ್ಷದ ಮಗಳು ಪಾರು ಹಿತ್ತಲ ಬಾವಿಗೆ ಬಿದ್ದು ತೀರಿಕೊಂಡಳು. ಅದು ಹೇಗಾಯಿತೆಂಬುದು ಬೀದಿಗೆಲ್ಲ ಗೊತ್ತಿತ್ತು: ಮಗುವನ್ನು ಗಂಡನ ಕೈಗೆ ಒಪ್ಪಿಸಿ ಹೆಂಡತಿ ಹಿಟ್ಟಿನ ಗಿರಣಿಗೆ ಹೋಗಿದ್ದಳು, ಗಂಡ ಜಗಲಿಯ ಮೇಲೆ ಕುಡಿದು ಮಲಗಿಬಿಟ್ಟಿದ್ದ. ಜನ ಅವನನ್ನು ಅಲುಗಿಸಿ ಎಬ್ಬಿಸುವ ಹೊತ್ತಿಗೆ ಮಗುವನ್ನು ಮೇಲೆತ್ತಿ ಚಾಪೆಯ ಮೇಲೆ ಮಲಗಿಸಿಯಾಗಿತ್ತು.

ಅಲ್ಲಿಂದ ಏಳು ವರ್ಷ ಅವನು ಕುಡಿದದ್ದು ಬೇರೆಯೇ ಕುಡಿತ. ಕೊನೆಗೆ ರಕ್ತ ಕಾರಿ ಆಸ್ಪತ್ರೆ ಸೇರಿದ. “ಇನ್ನೊಂದು ಸಲ ಮುಟ್ಟಿದರೆ ಉಳಿಯೋದಿಲ್ಲ,” ಎಂದು ಡಾಕ್ಟರು ದಾಕ್ಷಾಯಣಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವಳು ವಾಂತಿ ಬಳಿದಳು, ಗಂಜಿ ಕುಡಿಸಿದಳು, ನಡುಗುವ ಗಂಡನನ್ನು ತೋಳಿನಲ್ಲಿ ಹಿಡಿದು ಕೂತಳು. ಅವನು ಎದ್ದು ನಿಂತ.

ಮೊದಮೊದಲು ಸಾರಾಯಿ ಎಂದರೆ ಅವನಿಗೆ ಹೆದರಿಕೆ. ತಿಮ್ಮಮ್ಮನ ಓಣಿ ತಪ್ಪಿಸಲು ಅರ್ಧ ಮೈಲಿ ಸುತ್ತಿ ಕೆಲಸಕ್ಕೆ ಹೋಗುತ್ತಿದ್ದ. ಆಮೇಲೆ ಸಿಟ್ಟು ಬಂತು. ಜೊತೆಯವರು ಕುಡಿದು ಬಂದರೆ ಜಗಳಕ್ಕೇ ನಿಲ್ಲುತ್ತಿದ್ದ. ವರ್ಷ ತುಂಬುವ ಹೊತ್ತಿಗೆ ಎರಡೂ ಹೋದವು.

“ಅದು ನನಗೆ ಕಂಬಳಿ ಇದ್ದ ಹಾಗಿತ್ತು ಕಣೇ,” ಎಂದ ಒಂದು ದಿನ. “ಹೊದ್ದು ಮಲಗಿದ್ದೆ. ಈಗ ತೆಗೆದು ಹಾಕಿದೀನಿ. ಚಳಿ ತಡೆಯೋಕಾಗಲ್ಲ. ಆದರೆ ಒಂದೊಂದೇ ಕಣ್ಣಿಗೆ ಕಾಣ್ತಿದೆ.”

“ಏನು ಕಾಣ್ತಿದೆ?”

“ಪಾರು ಹೋದ ದಿನ.”

ಅಂದಿನಿಂದ ಊಟದ ಹೊತ್ತಿಗೆ ಒಂದು ಪ್ರಶ್ನೆ. ಪಾರು ಯಾವ ಲಂಗ ಹಾಕಿದ್ದಳು? ನನ್ನ ಹತ್ತಿರ ಬಿಟ್ಟು ಹೋಗುವಾಗ ಅತ್ತಳೇ? ನಾನು ಏನೆಂದೆ? ದಾಕ್ಷಾಯಣಮ್ಮ ಮುದ್ದೆ ಬಡಿಸುತ್ತ ಉತ್ತರ ಹೇಳುತ್ತಿದ್ದಳು. ಅವನು ತಟ್ಟೆ ಮುಂದಿಟ್ಟುಕೊಂಡು ಕೂತೇ ಇರುತ್ತಿದ್ದ.

“ಅವಳು ಕೂಗಿದ್ದು ನೆನಪಾಗ್ತಿಲ್ಲ. ಜಗಲಿಗೂ ಬಾವಿಗೂ ಎಷ್ಟು ದೂರ? ಕೂಗಿರಬೇಕಲ್ವಾ?”

“ಕುಡಿದಿದ್ರಿ. ಏನು ನೆನಪಿರುತ್ತೆ?”

“ಆ ದಿನ ಅಂದ್ರೆ ಮೂಗಿಗೆ ಶಾಯಿ ವಾಸನೆ ಬರುತ್ತೆ. ಅದೊಂದೇ.”

“ನಿಮ್ಮ ಅಂಗಿ ಯಾವತ್ತೂ ಅದೇ ವಾಸನೆ. ಊಟ ಮಾಡಿ.”

ಅವನು ಸೊರಗಿದ. ಕಣ್ಣು ಗುಳಿ ಬಿತ್ತು. ಹೀಗೆ ಬಿಟ್ಟರೆ ಹುಚ್ಚೇ ಹಿಡಿಯುತ್ತದೆ ಎಂದು ಪಕ್ಕದ ಮನೆಯವರೂ ಹೇಳಿದರು. ಕುಡಿತ ಬಿಟ್ಟ ಹದಿನಾಲ್ಕನೆಯ ತಿಂಗಳ ಒಂದು ಭಾನುವಾರ ಮಧ್ಯಾಹ್ನ ದಾಕ್ಷಾಯಣಮ್ಮ ತಿಮ್ಮಮ್ಮನ ಮನೆಯಿಂದ ಆ ಬಾಟಲಿ ತಂದು, ಲೋಟ ತುಂಬಿಸಿ ಗಂಡನ ಮುಂದೆ ಇಟ್ಟಳು.

ಶಿವಮಲ್ಲಪ್ಪ ಹಾವು ಕಂಡವನಂತೆ ಗೋಡೆಗೆ ಸರಿದ. “ತೆಗಿ ಅದನ್ನ!”

“ಒಂದು ಗುಟುಕು. ನೀವು ಕೊರಗೋದನ್ನ ನನ್ನ ಕೈಲಿ ನೋಡೋಕಾಗಲ್ಲ.”

“ಡಾಕ್ಟ್ರು ಏನಂದಿದ್ರು ಗೊತ್ತಲ್ಲ ನಿನಗೆ?”

“ಗೊತ್ತು.”

ಅವನು ಅವಳ ಮುಖವನ್ನೇ ನೋಡಿದ.

“ಅಷ್ಟೊಂದು ಮಾಡಿದ ಮೇಲೂ ನನ್ನನ್ನ ಕ್ಷಮಿಸಿದೀಯಾ, ದಾಕ್ಷಾಯಣಿ?”

“ಕುಡೀರಿ.”

ಅವನು ಅಳುತ್ತ ಕುಡಿದ. ಮಾರನೆಯ ದಿನ ತಾನೇ ಕೇಳಿದ. ನಾಲ್ಕನೆಯ ದಿನ ಕೇಳುವ ತಾಳ್ಮೆಯಿಲ್ಲದೆ ತಾನೇ ಹೋದ. ತಿಂಗಳೊಳಗೆ ಬೆರಳುಗಳು ಮೊಳೆ ಹಿಡಿಯದಂತಾಗಿ ಕೆಲಸ ಹೋಯಿತು. ಕಾಲು ಊದಿಕೊಂಡಿತು, ಕಣ್ಣು ಹಳದಿಯಾಯಿತು. ಡಾಕ್ಟರು ನಾಡಿ ಹಿಡಿದು ನೋಡಿ, ಏನೂ ಬರೆದುಕೊಡದೆ ಹೊರಟುಹೋದರು. ಊಟದ ಹೊತ್ತಿನ ಪ್ರಶ್ನೆಗಳು ನಿಂತವು.

ಸುದ್ದಿ ಕೇಳಿ ನಂಜನಗೂಡಿನಿಂದ ರಾಮಸ್ವಾಮಿ ನೋಡಲು ಬಂದರು. ಹಿಂದೆ ಅದೇ ಮುದ್ರಣಾಲಯದಲ್ಲಿ ಫೋರ್‌ಮನ್ ಆಗಿದ್ದವರು. ಒಳಗೆ ಗುರುತೇ ಹತ್ತದೆ ಗೊರಕೆ ಹೊಡೆಯುತ್ತಿದ್ದ ಶಿವಮಲ್ಲಪ್ಪನನ್ನು ಸ್ವಲ್ಪ ಹೊತ್ತು ನೋಡಿ, ಬಾಗಿಲಿಗೆ ಬಂದು ನಿಂತರು.

“ಎಂಥಾ ಕೆಲಸಗಾರನಮ್ಮಾ! ಆಗಲೂ ಹೀಗೇ. ನಾನು ಇಲ್ಲಿಯ ಕೆಲಸ ಬಿಟ್ಟು ಹೊರಟ ದಿನ ಬೆಳಿಗ್ಗೆಯಿಂದ ಪ್ರೆಸ್ಸಿನಲ್ಲೇ, ಕಾಗದದ ಬಂಡಲುಗಳ ಮೇಲೆ ಬಿದ್ದುಕೊಂಡಿದ್ದ. ನಾನೇ ಜಟಕಾದಲ್ಲಿ ಹಾಕಿಕೊಂಡು ಬಂದು ಈ ಜಗಲಿ ಮೇಲೆ ಮಲಗಿಸಿದೆ. ಆಗಲೇ ಹಿತ್ತಲಲ್ಲಿ ಜನ ಸೇರಿ ಗಲಾಟೆ ಆಗ್ತಿತ್ತು. ರೈಲಿಗೆ ಹೊತ್ತಾಯ್ತು ಅಂತ ಓಡಿಬಿಟ್ಟೆ. ಮಗು ಬಾವಿಗೆ ಬಿದ್ದದ್ದು ಅವತ್ತೇ ಅಂತ ಎಷ್ಟೋ ದಿನದ ಮೇಲೆ ತಿಳೀತು.” ಅವರು ನಿಟ್ಟುಸಿರು ಬಿಟ್ಟರು. “ತಾನು ಮನೆಯಲ್ಲಿ ಇಲ್ಲದೇ ಹೋದೆನಲ್ಲ ಅಂತಲೇ ಇರಬೇಕು, ಪಾಪ, ಇಷ್ಟೊಂದು ಕೊರಗಿದ್ದು.”

ದಾಕ್ಷಾಯಣಮ್ಮ ತಿರುಗಿ ಒಳಗೆ ನೋಡಿದಳು. ಗೊರಕೆ ಕೇಳಿಸುತ್ತಿತ್ತು.

“ಮಗೂನ ಬಾವಿ ಕಟ್ಟೆ ಮೇಲೆ ಕೂರಿಸಿದವಳು ನಾನು ಸ್ವಾಮಿ,” ಎಂದಳು.