ಅಜಿವಾನದ ಹೊಗೆ

ಶೇಖರಮ್ಮ ತಲಬಾಗಿಲನ್ನು ಪೂರ್ತಿ ತೆರೆದಿಟ್ಟು ಕೆಂಡದ ಮೇಲೆ ಒಂದು ಹಿಡಿ ಅಜಿವಾನದ ಕಾಳು ಸುರಿದಳು. ಚಟಪಟ ಅಂದಿತು. ಹೊಗೆ ಹೊಸ್ತಿಲು ದಾಟಿ ಮಸ್ಕಿಯ ಆ ಓಣಿಗೆಲ್ಲ ಹರಡಿತು. ಮಾಲಿಪಾಟೀಲರ ಮನ್ಯಾಗ ಸೊಸಿ ಬಾಣಂತನ ಜೋರು ನಡದದ ಅಂತ ಜನ ಅಂದುಕೊಳ್ಳಬೇಕು. ನಿಜಾಮನ ಸರ್ಕಾರಕ್ಕೆ ಕಂದಾಯ ಎತ್ತಿಕೊಡುವ ಮನೆ, ಮರ್ಯಾದೆ ಬೇಕಲ್ಲ.

ಒಳಗೆ ಕತ್ತಲ ಕೋಣೆಯಲ್ಲಿ ಸೊಸೆ ಅಮರಮ್ಮನ ತಾಟಿನಲ್ಲಿ ಜೋಳದ ನುಚ್ಚು, ಉಪ್ಪು. ತುಪ್ಪವಿಲ್ಲ, ಬೆಳ್ಳುಳ್ಳಿಯಿಲ್ಲ, ಒಣಶುಂಠಿಯ ಚೂರೂ ಇಲ್ಲ. ಹುಟ್ಟಿದ್ದು ಮತ್ತೆ ಹೆಣ್ಣು. ಓಣಿಯ ಮೂಗಿಗೆ ಬಾಣಂತನ, ಬಾಣಂತಿಯ ಹೊಟ್ಟೆಗೆ ನುಚ್ಚು. ಕೂಸು ಬತ್ತಿದ ಎದೆ ಚೀಪಿ ಚೀಪಿ ಅಳುವುದನ್ನೂ ಬಿಡುತ್ತಿತ್ತು.

ಎದುರು ಮನೆಯ ಬಿಬಿಜಾನ್ ಬಂದು ಕಟ್ಟೆಯ ಮೇಲೆ ಕೂತಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಮದುವೆಯಾಗಿ ಬಂದವರು.

"ಏನಬೇ ಶೇಕವ್ವ, ದಿನಾ ಬರೇ ಅಜಿವಾನದ ವಾಸನಿ. ತುಪ್ಪದಾಗ ಅಂಟು ಅರಳೋ ವಾಸನಿ ಬರವಲ್ದು. ಬಾಣಂತಿಗೆ ಅಂಟಿನುಂಡಿ ಯಾವಾಗ ಕಟ್ತಿ?"

"ಗಂಡು ಹಡೀಲಿ, ಕಟ್ತೀನಿ. ಹೆಣ್ಣಿಗೆ ಉಂಡಿ ಕಟ್ಟಿದ್ರ ಮಂದಿ ನಗ್ತಾರ."

"ಹೆಣ್ಣುಕೂಸಿಗೆ ಹಾಲು ಬ್ಯಾಡೇನು?"

"ನಿನ್ನ ಮೂಗು ಭಾಳ ಉದ್ದ ಆಗ್ಯಾದ ನೋಡು. ನಮ್ಮತ್ತಿ ನನಗೂ ನುಚ್ಚ ಹಾಕ್ಯಾಳ. ನಾ ಬದುಕಿಲ್ಲೇನು?"

"ನೀ ಬದುಕಿದಿ. ಮಗನಕಿಂತ ಮೊದಲು ಹಡದಿದ್ದಿಯಲ್ಲ, ಆ ಎರಡು ಹೆಣ್ಣು?"

ಶೇಖರಮ್ಮ ಕೆಂಡ ಕೆದಕಿದಳು.

"ನಿನಗ ಹಾಲಿರಲಿಲ್ಲ, ನನಗಿತ್ತು." ಬಿಬಿಜಾನ್ ದನಿ ಏರಿಸಲಿಲ್ಲ. "ಇದ ಕಟ್ಟಿ ಮ್ಯಾಲ ಕುಂತು, ಕೂಸು ಕೊಡ್ರಿ, ಕುಡಸ್ತೀನಿ ಅಂದೆ. ಸಾಬರ ಹಾಲು ಒಲ್ಲೆವು ಅಂದಳು ನಿಮ್ಮತ್ತಿ. ಎರಡನೇದನ್ನ ಮಣ್ಣಿಗೆ ಒಯ್ಯೋವಾಗನೂ ನಿಮ್ಮ ಬಾಗಿಲಾಗ ಅಜಿವಾನದ ಹೊಗಿ ಹಿಂಗ ಬರಾಕತ್ತಿತ್ತು."

ಅವಳು ಸೆರಗಿನ ಗಂಟು ಬಿಚ್ಚಿದಳು. ಒಂದು ಬೊಗಸೆ ಜಾಲಿ ಅಂಟು. ಅದನ್ನು ಹೊಸ್ತಿಲ ಮೇಲೆ ಸುರಿದು ಎದ್ದಳು.

"ಬೇಯಿಸಿದ್ದಲ್ಲ. ನಿಮ್ಮ ಮನಿಗೆ ನಡೀತದ."

ಶೇಖರಮ್ಮ ಆ ಅಂಟನ್ನೇ ನೋಡುತ್ತ ಕೂತಳು. ಒಳಗೆ ಕೂಸು ಸಣ್ಣಗೆ ಕುಂಯ್ ಅಂದು ಅಳು ನಿಲ್ಲಿಸಿತು. ಮತ್ತೆ ಅಳುತ್ತದೇನೋ ಅಂತ ಕಿವಿಗೊಟ್ಟಳು. ಅಳಲಿಲ್ಲ. ದಡಬಡಿಸಿ ಅಂಟನ್ನು ಉಡಿಗೆ ಬಳಿದುಕೊಂಡಳು, ಕೆಂಡಕ್ಕೆ ನೀರು ಚೆಲ್ಲಿದಳು. ಎಂದೂ ಹಗಲಲ್ಲಿ ಮುಚ್ಚದ ತಲಬಾಗಿಲು ಮುಚ್ಚಿ ಅಗಳಿ ಹಾಕಿದಳು.

ಬಿಬಿಜಾನ್ ತನ್ನ ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದುರು ಬಾಗಿಲಿನ ಸಂದಿಯಿಂದ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂತು. ಹಿಂದೆಯೇ ಒಣಶುಂಠಿ, ಬೆಲ್ಲ. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

ಕಣ್ಣು ತೆರೆದಾಗ, ಯಾರೋ ಒಳಗಿನಿಂದ ಆ ಸಂದಿಗೆ ಹಳೆಯ ಸೀರೆ ತುರುಕುತ್ತಿದ್ದರು.