ಏಳದ ಮುಳ್ಳು

ಬಿಸಿಯಾದ ವೈರಿನ ವಾಸನೆ ಬಂದರೆ ಈಗಲೂ ನಾನು ಜೇವರ್ಗಿಯ ನಮ್ಮ ರೇಡಿಯೋ ಕೋಣೆಯಲ್ಲಿ ನಿಂತುಬಿಡುತ್ತೇನೆ.

ಅಪ್ಪನಿಗೆ ಮನೆಯಿಂದಲೇ ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚಿತ್ತು. ಬೇರೆ ಬೇರೆ ತರಂಗಾಂತರದ ಎಲ್ಲ ಬ್ಯಾಂಡುಗಳಿಗೂ ಒಂದೇ ಆಂಟೆನಾ ಸಾಕೆಂದು ಮಾಳಿಗೆಯ ಮೇಲೆ ತಂತಿ ಎಳೆದು, ಅಲ್ಲಿಂದ ಉದ್ದನೆಯ ಕರಿ ಕೇಬಲ್ಲನ್ನು ಕೋಣೆಗೆ ಇಳಿಸಿದ್ದ. ಆ ಮಧ್ಯಾಹ್ನ ಅದನ್ನು ತೋರಿಸಲು ತನ್ನಂತೆಯೇ ರೇಡಿಯೋ ಹಚ್ಚಿಕೊಂಡಿದ್ದ ಗೆಳೆಯನನ್ನು, ನಾನು ಚಾಚಾ ಎನ್ನುತ್ತಿದ್ದವರನ್ನು, ಕರೆಸಿದ್ದ.

ರೇಡಿಯೋ ಕಳಿಸಿದ ಪವರಿನಲ್ಲಿ ಆಂಟೆನಾ ಒಲ್ಲದ್ದು ಕೇಬಲ್ಲಿನಲ್ಲೇ ವಾಪಸು ಬಂದರೆ ಮೀಟರಿನ ಮುಳ್ಳು ಏಳಬೇಕು. ಅಪ್ಪ ಪವರ್ ಕಳಿಸುವ ಗುಂಡಿ ಒತ್ತಿ ಹಿಡಿದ. ಮುಳ್ಳು ಮಲಗಿಯೇ ಇತ್ತು.

"ನೋಡ್ರಿ, ತಿರುಗಿ ಏನೂ ಬರಂಗಿಲ್ಲ. ನಮ್ಮ ಮನಿ ಇದ್ದಂಗ."

ಅಷ್ಟರಲ್ಲಿ ಅವ್ವ ಚಹಾ ತಂದಳು. ಅಪ್ಪ ಒಂದು ಗುಟುಕು ಕುಡಿದವನೇ ಉಳಿದ ಸುಡುಸುಡು ಚಹಾವನ್ನು ಅವಳ ಪಾದದ ಮೇಲೆ ಚೆಲ್ಲಿದ.

"ಇದು ಚಾ ಏನಬೇ? ದನಾನೂ ಮೂಸಂಗಿಲ್ಲ."

ಅವ್ವ ಕೂತು ಸೆರಗಿನಿಂದ ನೆಲ ಒರೆಸತೊಡಗಿದಳು. "ನೋಡಿದ್ರಿ?" ಎಂದು ಅಪ್ಪ ಚಾಚಾನತ್ತ ಕಣ್ಣು ಮಿಟುಕಿಸಿದ.

ಚಾಚಾ ನಗಲಿಲ್ಲ. ಬಗ್ಗಿ ಕೇಬಲ್ ಮುಟ್ಟಿದರು.

"ಭಾಯಿ, ಈ ಬ್ಯಾಂಡಿಗೆ ನಿಮ್ಮ ತಂತಿ ಹೊಂದಂಗಿಲ್ಲ. ತಿರುಗಿ ಬರೂದನ್ನೆಲ್ಲ ಈ ಕೇಬಲ್ಲ ದಾರ್ಯಾಗ ನುಂಗಾಕತ್ತದ, ಅದಕ್ಕ ಮುಳ್ಳು ಸುಮ್ಮನದ. ಕೈ ಇಟ್ಟು ನೋಡ್ರಿ, ಎಷ್ಟು ಕಾದದ."

"ಕಾಯ್ಲಿ ಬಿಡ್ರಿ. ಮುಳ್ಳು ಏಳಬಾರ್ದು, ಅಷ್ಟ," ಎಂದು ಅಪ್ಪ ಮತ್ತೆ ಗುಂಡಿ ಒತ್ತಿದ.

ನಾನು ಕೇಬಲ್ಲಿನ ಮೇಲೆ ಕೈ ಇಟ್ಟೆ. ಚುರ್ರೆಂದಿತು. ಪಕ್ಕದಲ್ಲೇ ಅವ್ವನ ಪಾದ ಕೆಂಪಗೆ ಉಬ್ಬುತ್ತಿತ್ತು. ಅವಳು ಒದ್ದೆ ಸೆರಗನ್ನು ಸರಿಪಡಿಸಿಕೊಂಡು ಎದ್ದು, ಅಪ್ಪನನ್ನು ಮೆಲ್ಲಗೆ ಕೇಳಿದಳು:

"ಇನ್ನೊಂದು ಕಪ್ ತರ್ಲೇನ್ರಿ?"