ಮರಳಿಗೆ ಇಳಿಯುವ ಮುನ್ನ

ಗಂಡ ರಸೆಲ್‌ನ ಶವಸಂಸ್ಕಾರಕ್ಕೆ ಬಂದ ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ, ಕೋರ್ ಬ್ಯಾಂಕ್ಸ್ ದ್ವೀಪದ ತೀರದಲ್ಲಿ ಕೋರಿನ್‌ಳ ಜೀಪು ಮರಳಿನಲ್ಲಿ ಹೂತು ನಿಂತಿತು. ವಾಹನ ಸಾಗಿಸುವ ದೋಣಿಯಿಂದ ಜೀಪು ಇಳಿಸಿದವಳು, ಮರಳಿನಲ್ಲಿ ಹೂಳದಂತೆ ಟೈರುಗಳ ಗಾಳಿ ಕಡಿಮೆ ಮಾಡುವುದನ್ನು ಮರೆತಿದ್ದಳು. ಅದು ಯಾವಾಗಲೂ ರಸೆಲ್‌ನ ಕೆಲಸವಾಗಿತ್ತು.

ತೀರದ ಮೇಲಿನ ತನ್ನ ಗುಡಾರದಿಂದ ಮುದುಕ ವೆಲ್ಡನ್ ಕಾಫಿ ಹಿಡಿದು ಬಂದ. ರಸೆಲ್ ಅವನಿಂದ ಎರವಲು ತಂದಿದ್ದ ಟೈರಿನ ಗಾಳಿ ಅಳೆಯುವ ಮೀಟರನ್ನು ಹಿಂದಿರುಗಿಸಿ, ಜೀಪನ್ನೂ ಅವನಿಗೇ ಮಾರಿ, ಈ ಕಡೆ ಮತ್ತೆ ಬರಬಾರದೆಂದೇ ಅವಳು ಹೊರಟಿದ್ದಳು.

"ಯಾರೋ ಊರಿಗೆ ಹೊಸಬರು ಹೂತ್ಕೊಂಡ್ರು ಅಂತ ನಗೋಕೆ ಬಂದೆ. ನೀನಾ, ಮಗಳೇ?"

"ಹಗ್ಗ ಹಾಕಿ ಎಳೀರಿ, ಮಿಸ್ಟರ್ ವೆಲ್ಡನ್."

"ಹಗ್ಗ ಯಾಕೆ? ಮೀಟರು ನಿನ್ನ ಕೈಲೇ ಇದೆ. ಗಾಳಿ ಹದಿನೆಂಟು ಪೌಂಡಿಗೆ ಇಳಿಸು."

ಅವಳು ಮಂಡಿಯೂರಿದಳು. ಗಾಳಿ ಸುಯ್ಯೆಂದು ಹೊರಬಿತ್ತು. ವೆಲ್ಡನ್ ಕಾಫಿ ಕೆಳಗಿಟ್ಟು ಚಕ್ರಗಳ ಮುಂದಿನ ಮರಳನ್ನು ಬಗೆಯುತ್ತಿದ್ದ. ನಾಲ್ಕನೆಯ ಟೈರೂ ಹದಿನೆಂಟಕ್ಕೆ ಇಳಿದ ಮೇಲೆ ಅವಳು ಹತ್ತಿ ಜೀಪು ಚಾಲೂ ಮಾಡಿದಳು. ಜೀಪು ಒಮ್ಮೆ ತೂಗಾಡಿ, ಮೇಲೆದ್ದು, ಗಟ್ಟಿ ಮರಳಿಗೆ ಬಂತು.

ಅವಳು ಇಳಿದು ಬಂದು ಮೀಟರು ಚಾಚಿದಳು.

"ನೀನೇ ಇಟ್ಕೋ," ಎಂದ ವೆಲ್ಡನ್.

"ಬೇಡ, ಇದು ನಿಮ್ಮದು." ಅವನ ಅಂಗೈ ಬಿಡಿಸಿ ಅದನ್ನಿಟ್ಟಳು. "ಶನಿವಾರದ ದೋಣೀಲಿ ಈ ಜೀಪು ತರುವಾಗ ನನ್ನದೇ ಒಂದು ಮೀಟರು ತರ್ತೀನಿ."